ಕರಗದ ಮೂಲನಿಧಿ, ಸೊರಗುವ ದತ್ತಿ

ದುಡ್ಡು ನುಂಗಿದವರಿಂದ ಮುಳುಗಿದ ಸಣ್ಣ ಟ್ರಸ್ಟ್‌ಗಳನ್ನು ಲೆಕ್ಕಪರಿಶೋಧಕನಾಗಿ ನಾನು ಕಂಡದ್ದು ಕಡಿಮೆ. ಹೆಚ್ಚಿನವು ನಿಯತ್ತಾಗಿ ನಡೆಯುತ್ತಲೇ ಸೊರಗುತ್ತವೆ.

1990ರ ದಶಕದ ಮಧ್ಯದಲ್ಲಿ ಹಿರಿಯರೊಬ್ಬರ ಹೆಸರಿನಲ್ಲಿ 10 ಲಕ್ಷ ರೂಪಾಯಿ ಮೂಲನಿಧಿ (ಕಾರ್ಪಸ್) ಇಟ್ಟು, ಅದರ ಬಡ್ಡಿಯಲ್ಲಿ ವಿದ್ಯಾರ್ಥಿವೇತನ ಕೊಡಲು ಹೊರಟ ಟ್ರಸ್ಟ್ ಒಂದಿದೆ ಎಂದುಕೊಳ್ಳಿ. ಆಗ ಬ್ಯಾಂಕ್ ಠೇವಣಿಗೆ ಶೇ 11ರ ಆಸುಪಾಸು ಬಡ್ಡಿ, ವರ್ಷಕ್ಕೆ 1.10 ಲಕ್ಷ. 2020ರ ಕೊನೆಗೆ ದೊಡ್ಡ ಬ್ಯಾಂಕುಗಳಲ್ಲಿ ಬಡ್ಡಿ ಐದೂವರೆಗಿಂತ ಕೆಳಗೆ. ಕೈಗೆ ಬರುವುದು 55 ಸಾವಿರದೊಳಗೆ. ಅಷ್ಟರಲ್ಲಿ ಕಾಲೇಜು ಶುಲ್ಕ ಎಲ್ಲಿಗೆ ಮುಟ್ಟಿತ್ತೆಂದು ಪೋಷಕರನ್ನೇ ಕೇಳಬೇಕು. ಅಢಾವೆ ಪತ್ರಿಕೆಯಲ್ಲಿ ಮಾತ್ರ ಮೂಲನಿಧಿ ಅದೇ 10 ಲಕ್ಷ, ಒಂದು ರೂಪಾಯಿಯೂ ಕರಗಿಲ್ಲ! ವಾರ್ಷಿಕ ಸಭೆಯಲ್ಲಿ ಅದನ್ನೇ ಹೆಮ್ಮೆಯಿಂದ ಓದುತ್ತಾರೆ.

“ಬಂದ ಬಡ್ಡಿಯನ್ನೆಲ್ಲ ಖರ್ಚು ಮಾಡದಿದ್ದರೆ ತೆರಿಗೆ ಬೀಳುತ್ತದಲ್ಲ ಸಾರ್” ಎನ್ನುತ್ತಾರೆ ಧರ್ಮದರ್ಶಿಗಳು. ಹಾಗೇನಿಲ್ಲ. ಆದಾಯದ ಶೇ 85ರಷ್ಟನ್ನು ಟ್ರಸ್ಟಿನ ಉದ್ದೇಶಕ್ಕೆ ವಿನಿಯೋಗಿಸಿದರೆ ಸಾಕು. ಮಿಕ್ಕಿದ್ದನ್ನು ಕಾನೂನು ಒಪ್ಪುವ ಕಡೆ ತೊಡಗಿಸಿ ಉಳಿಸಿಕೊಳ್ಳಬಹುದು. ಆದರೆ ಅಷ್ಟರಿಂದಲೇ ದಡ ಸೇರುವುದಿಲ್ಲ. ಶೇ 7ರಂತೆ 70 ಸಾವಿರ ಬಡ್ಡಿ ಬಂದರೆ ಉಳಿಯುವುದು 10,500. ಬೆಲೆಯೇರಿಕೆ ರಿಸರ್ವ್ ಬ್ಯಾಂಕಿನ ಗುರಿಯಾದ ಶೇ 4ರಲ್ಲೇ ನಿಂತರೂ 10 ಲಕ್ಷದ ಬೆಲೆ ಕಾಯಲು ವರ್ಷಕ್ಕೆ 40 ಸಾವಿರ ಸೇರಬೇಕು. ಕೊರತೆಯ 29,500 ಹೊಸ ದೇಣಿಗೆಯಿಂದಲೇ ಬರಬೇಕು.

ದೇಣಿಗೆ ಬರುತ್ತದೆ, ಆದರೆ ಮೂಲನಿಧಿಗೆ ಸೇರುವುದಿಲ್ಲ. ರಸೀದಿ ಪುಸ್ತಕ ತೆಗೆದರೆ ‘ದೇಣಿಗೆ’ ಎಂಬ ಒಂದೇ ಸಾಲು. ಮೂಲನಿಧಿಗೆಂದೇ ದಾನಿ ನಿರ್ದಿಷ್ಟವಾಗಿ ಹೇಳದಿದ್ದರೆ ಅದು ಆ ವರ್ಷದ ಆದಾಯ; ಶೇ 85ರ ನಿಯಮ ಅದಕ್ಕೂ ಅನ್ವಯ. ಮಾರ್ಚ್ ಕೊನೆಯಲ್ಲಿ ಧರ್ಮದರ್ಶಿಗಳು ಫೋನ್ ಮಾಡಿ “ಇದನ್ನು ಕಾರ್ಪಸ್‌ಗೆ ಹಾಕಿಬಿಡಿ” ಎಂದರೆ ನಾನೇನು ಮಾಡಲಿ, ದಾನ ಕೊಟ್ಟವನು ನಾನಲ್ಲವಲ್ಲ! ರಸೀದಿಯಲ್ಲಿ ‘ಮೂಲನಿಧಿಗೆ’ ಎಂದು ಇನ್ನೊಂದು ಸಾಲು ಅಚ್ಚು ಹಾಕಿಸಿ. ದಾನಿಯಿಂದ ಎರಡು ಸಾಲಿನ ಪತ್ರ ಪಡೆದು ಕಡತದಲ್ಲಿಡಿ. 2021–22ರ ಸಾಲಿನಿಂದ, ತೆರಿಗೆ ವಿನಾಯಿತಿ ಬೇಕಿದ್ದರೆ ಈ ಹಣವನ್ನು ಮೂಲನಿಧಿಗಾಗಿಯೇ ಬೇರೆಯಾಗಿ ತೊಡಗಿಸಿಡುವುದು ಕಡ್ಡಾಯ.

ಬಡ್ಡಿ ಸಾಲದೆಂದು ಪರಿಚಯದ ಪತ್ತಿನ ಸಹಕಾರ ಸಂಘಕ್ಕೆ ಠೇವಣಿ ವರ್ಗಾಯಿಸುವವರೂ ಇದ್ದಾರೆ. 5 ಲಕ್ಷದವರೆಗಿನ ಠೇವಣಿ ವಿಮೆ ಇರುವುದು ಬ್ಯಾಂಕುಗಳಿಗೆ, ಪತ್ತಿನ ಸಂಘಗಳಿಗಲ್ಲ.

ಹೊಸ ದೇಣಿಗೆ ಬಾರದ ವರ್ಷ ಏನು ಮಾಡಬೇಕು? ಐವತ್ತು ಮಕ್ಕಳಿಗೆ ತಲಾ ಸಾವಿರ ರೂಪಾಯಿ ಹಂಚುವ ಬದಲು ನಾಲ್ವರ ಇಡೀ ವರ್ಷದ ಶುಲ್ಕ ಕಟ್ಟಿ ಎನ್ನುತ್ತೇನೆ. ಹಾರ, ಶಾಮಿಯಾನದ ಬಿಲ್ಲೂ ಉಳಿಯುತ್ತದೆ.