ದುರ್ಗದ ಕೊಪ್ಪರಿಗೆ ಹೊನ್ನು: ಕಥೆ ಹಳೆಯದು, ನಾಣ್ಯ ಹೊಸದು

ಚಿತ್ರದುರ್ಗದ ಕೋಟೆ ಹೈದರಾಲಿಯ ಕೈವಶವಾದದ್ದು 1779ರಲ್ಲಿ. ಮದಕರಿ ನಾಯಕ ಸೆರೆಯಾಳಾಗಿ ಶ್ರೀರಂಗಪಟ್ಟಣ ಸೇರಿದ. ಸಾವಿರಾರು ಬೇಡರನ್ನೂ ಹೈದರ್ ಅಲ್ಲಿಗೇ ಸಾಗಿಸಿದ. ಜನ ಹೋದ ಮೇಲೆ ಉಳಿದದ್ದು ಕಥೆ. ನಾಯಕನ ಕಡೆಯವರು ಏಳು ಕೊಪ್ಪರಿಗೆ ಹೊನ್ನು ಹೂತಿಟ್ಟರಂತೆ, ಅದಕ್ಕೆ ಸರ್ಪ ಕಾವಲಂತೆ, ಅಮಾವಾಸ್ಯೆಗೆ ಬಲಿ ಕೊಟ್ಟರೆ ದಾರಿ ಬಿಡುತ್ತದಂತೆ. ಇಂಥ ‘ಅಂತೆ’ಗಳು ದುರ್ಗದ ಸೀಮೆಯಲ್ಲಿ ಯಾರಿಗೂ ಹೊಸತಲ್ಲ.

ಕಥೆಗೆ ಬುಡವೇ ಇಲ್ಲ ಎನ್ನುವಂತಿಲ್ಲ. ದಂಡು ಬರುತ್ತಿದೆ ಎಂದು ಸುದ್ದಿ ಬಂದರೆ ಇದ್ದಬದ್ದದ್ದನ್ನು ಕುಡಿಕೆಗೆ ತುಂಬಿ ಹೂಳುವುದು ಬ್ಯಾಂಕಿಲ್ಲದ ಕಾಲದ ರೂಢಿ. ಹೂತವನು ವಾಪಸು ಬರದಿದ್ದರೆ ಅದು ಅಲ್ಲೇ ಉಳಿಯಿತು. ಆದರೆ ಅರಮನೆಯ ಖಜಾನೆಯ ಮಾತು ಬೇರೆ. ಗೆದ್ದವನು ಮೊದಲು ಕೈಹಾಕುವುದೇ ಅದಕ್ಕೆ. 1763ರಲ್ಲಿ ಕೆಳದಿ ನಾಯಕರ ರಾಜಧಾನಿ ಬಿದನೂರು ಹಿಡಿದ ಹೈದರ್ ಅಲ್ಲಿನ ಸಂಪತ್ತಿನಿಂದ ಬಲಿತವನು. ಅಲ್ಲಿನ ಚಿನ್ನದ ನಾಣ್ಯವಾದ ಇಕ್ಕೇರಿ ವರಹದ ಮೇಲಿನ ಶಿವಪಾರ್ವತಿಯರನ್ನು ಹಾಗೆಯೇ ಇರಗೊಟ್ಟು, ಹಿಂಬದಿಗೆ ತನ್ನ ಹೆಸರಿನ ಮೊದಲ ಅಕ್ಷರ ಒತ್ತಿಸಿ ಬಹಾದುರಿ ಹೊನ್ನು ಹೊರಡಿಸಿದ. ಅಷ್ಟು ಲೆಕ್ಕಾಚಾರದ ಮನುಷ್ಯ ದುರ್ಗದಲ್ಲಿ ಏಳು ಕೊಪ್ಪರಿಗೆ ಬಿಟ್ಟು ಹೋದನೆಂದರೆ ನನಗಂತೂ ನಂಬಿಕೆಯಿಲ್ಲ. ಮಣ್ಣಲ್ಲಿ ಏನಾದರೂ ಉಳಿದಿದ್ದರೆ ರೈತನದ್ದೋ ವರ್ತಕನದ್ದೋ ಸಣ್ಣ ಗಂಟು, ಅಷ್ಟೇ.

ಹಾಗೆ ಸಿಕ್ಕದ್ದು ಯಾರ ಪಾಲು? ಈ ಪ್ರಶ್ನೆಗೂ ಶತಮಾನಗಳ ವಯಸ್ಸಾಗಿದೆ. ವಿಜಯನಗರ ಕಾಲದ ದಾನಶಾಸನಗಳಲ್ಲಿ ಊರನ್ನು ಬಿಟ್ಟುಕೊಡುವಾಗ ಅಷ್ಟಭೋಗಗಳನ್ನೂ, ಅಂದರೆ ಎಂಟು ಬಗೆಯ ಹಕ್ಕುಗಳನ್ನೂ ಸೇರಿಸಿ ಕೊಡುತ್ತಿದ್ದರು. ಆ ಎಂಟರಲ್ಲಿ ಮೊದಲು ಬರುವವೇ ನಿಧಿ, ನಿಕ್ಷೇಪ. ಅಂದರೆ ಹೂತಿಟ್ಟ ಹಣದ ಹಕ್ಕು ಕಲ್ಲಿನಲ್ಲಿ ಕೆತ್ತಿ ಕೊಡುವಷ್ಟು ದೊಡ್ಡದಾಗಿತ್ತು. ಬ್ರಿಟಿಷರ 1878ರ ಕಾಯ್ದೆ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕೆಂದಿತು. ವಾರಸುದಾರರಿಲ್ಲದಿದ್ದರೆ ಸಿಕ್ಕವನಿಗೆ ಮುಕ್ಕಾಲು, ಜಮೀನಿನವನಿಗೆ ಕಾಲು. ಸರ್ಕಾರವೇ ಇಟ್ಟುಕೊಳ್ಳುವುದಾದರೆ ಲೋಹದ ಬೆಲೆಯ ಮೇಲೆ ಐದನೇ ಒಂದು ಭಾಗ ಹೆಚ್ಚಿಗೆ ಕೊಡಬೇಕು. ಬಚ್ಚಿಟ್ಟವನಿಗೆ ಜೈಲು. 1962ರಲ್ಲಿ ನಮ್ಮ ರಾಜ್ಯ ತನ್ನದೇ ನಿಧಿ ಕಾಯ್ದೆ ಮಾಡಿಕೊಂಡಿತು. ನಿಧಿಯಾಸೆಗೆ ನಡೆಯುವ ಅಮಾನುಷ ಆಚರಣೆಗಳನ್ನು 2017ರ ಮೌಢ್ಯ ಪ್ರತಿಬಂಧಕ ಕಾಯ್ದೆ ನಿಷೇಧಿಸಿದೆ.

ಕಾಯ್ದೆಗೆ ಹೆದರದವರು ಹಾರೆ ಗುದ್ದಲಿ ಹಿಡಿದು ಹೋಗುವುದು ಹಾಳು ಗುಡಿಗಳಿಗೆ. ಬಸವನನ್ನು ಮಗುಚುತ್ತಾರೆ, ಲಿಂಗ ಕೀಳುತ್ತಾರೆ, ವೀರಗಲ್ಲಿನ ಬುಡ ಬಗೆಯುತ್ತಾರೆ. ಅವರಿಗೆ ಬೇಕಾದ್ದು ಬಂಗಾರ. ಆದರೆ ದುರ್ಗದ ನೆಲ ಕೊಟ್ಟ ಬಹುಮುಖ್ಯ ನಾಣ್ಯಗಳಲ್ಲಿ ಬಂಗಾರದ್ದಲ್ಲದವೇ ಹೆಚ್ಚು! ಕೋಟೆಗೆ ಹತ್ತಿರದ ಚಂದ್ರವಳ್ಳಿಯಲ್ಲಿ ಪುರಾತತ್ವಜ್ಞರಾದ ಎಂ.ಎಚ್. ಕೃಷ್ಣ 1929ರಲ್ಲಿ, ಮಾರ್ಟಿಮರ್ ವೀಲರ್ 1947ರಲ್ಲಿ ಉತ್ಖನನ ಮಾಡಿದರು. ಸಾತವಾಹನರ ಕಾಲದ ಸೀಸದ ನಾಣ್ಯಗಳು, ರೋಮಿನ ಅಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ಅಲ್ಲಿ ಸಿಕ್ಕವು. ಟೈಬೀರಿಯಸ್ ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಹಾಗಾಗಿ ಅವನ ನಾಣ್ಯವಿದ್ದ ಪದರ ಕ್ರಿ.ಶ. 14ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಜೊತೆಗಿದ್ದ ಮಡಕೆಚೂರುಗಳ ಕಾಲಕ್ಕೂ ಅದರಿಂದ ಆಧಾರ ಸಿಕ್ಕಿತು. ಕಳ್ಳನಾಗಿದ್ದರೆ ಸೀಸವನ್ನು ಅಲ್ಲೇ ಎಸೆದು, ಬೆಳ್ಳಿಯನ್ನು ಕರಗಿಸಿ ತೂಕಕ್ಕೆ ಮಾರುತ್ತಿದ್ದ.

ಇನ್ನು, ನಿಧಿಯಲ್ಲಿ ಸಿಕ್ಕಿತೆನ್ನುವ ನಾಣ್ಯ ಅಸಲಿಯೇ ಎಂಬುದು ಇನ್ನೊಂದು ಕಗ್ಗಂಟು. ದಾವಣಗೆರೆ, ಚನ್ನಗಿರಿ, ಹರಪನಹಳ್ಳಿ ಕಡೆ ಪೊಲೀಸರಿಗೆ ಬಾಯಿಪಾಠವಾಗಿರುವ ಒಂದು ಮೋಸವಿದೆ. ದೂರದೂರಿನ ಯಾರಿಗೋ ಫೋನ್ ಬರುತ್ತದೆ. ‘ಮನೆ ಪಾಯ ತೆಗೀವಾಗ ಬಂಗಾರದ ಬಿಲ್ಲೆ ಸಿಕ್ಕಾವೆ ಸ್ವಾಮಿ, ನಮಗೆ ಮಾರೋಕೆ ಭಯ, ನಿಮಗಾದ್ರೆ ಅರ್ಧ ರೇಟಿಗೆ ಕೊಡ್ತೀವಿ.’ ಬಂದವನ ಕೈಗೆ ಒಂದೆರಡು ಬಿಲ್ಲೆ ಕೊಟ್ಟು, ‘ಪರೀಕ್ಷೆ ಮಾಡಿಸ್ಕೊಂಡು ಬರ್ರಿ’ ಎನ್ನುತ್ತಾರೆ. ಅವು ನಿಜವಾದ ಚಿನ್ನ. ಅಕ್ಕಸಾಲಿಗರು ಒರೆಗಲ್ಲಿಗೆ ತಿಕ್ಕಿ ಹೌದು ಎನ್ನುತ್ತಾರೆ. ಮುಂದಿನ ಭೇಟಿಯಲ್ಲಿ ಲಕ್ಷಗಟ್ಟಲೆ ಎಣಿಸಿ ಕೊಟ್ಟು ಪಡೆದ ಚೀಲದ ತುಂಬ ಹಿತ್ತಾಳೆ.

ಒರೆಗಲ್ಲು ಸುಳ್ಳು ಹೇಳಲಿಲ್ಲ. ತಿಕ್ಕಿದ ಬಿಲ್ಲೆಯಲ್ಲಿ ಚಿನ್ನ ಎಷ್ಟು ಎಂದಷ್ಟೇ ಅದು ಹೇಳಬಲ್ಲದು. ಚೀಲದಲ್ಲಿರುವುದನ್ನಾಗಲಿ, ಬಿಲ್ಲೆಯ ವಯಸ್ಸನ್ನಾಗಲಿ ಅಲ್ಲ. ನಾಣ್ಯ ಬಲ್ಲವರು ಮೊದಲು ತಕ್ಕಡಿಗೆ ಹಾಕುತ್ತಾರೆ. ವರಹ ಸುಮಾರು 3.4 ಗ್ರಾಂ ತೂಗಬೇಕು. ಅದೇ ಅಳತೆಯ ಹಿತ್ತಾಳೆ ಬಿಲ್ಲೆ ಅದರ ಅರ್ಧದ ಆಸುಪಾಸಿಗೇ ನಿಲ್ಲುತ್ತದೆ; ತೂಕ ಸರಿದೂಗಿಸಲು ಹೋದರೆ ಬಿಲ್ಲೆ ದಪ್ಪವಾಗಿ ಸಿಕ್ಕಿಬೀಳುತ್ತದೆ. ಆಮೇಲೆ ಭೂತಗನ್ನಡಿ. ವರಹಗಳನ್ನು ಒಂದೊಂದಾಗಿ ಸುತ್ತಿಗೆ ಏಟಿನಲ್ಲಿ ಟಂಕಿಸುತ್ತಿದ್ದರು. ಹಾಗಾಗಿ ಒಂದರಲ್ಲಿ ಚಿತ್ರ ಎಡಕ್ಕೆ ಸರಿದಿದ್ದರೆ ಇನ್ನೊಂದರಲ್ಲಿ ಕಾಲೇ ಕತ್ತರಿಸಿಹೋಗಿರುತ್ತದೆ. ಐವತ್ತು ನಾಣ್ಯಗಳಲ್ಲೂ ಚಿತ್ರ ಒಂದೇ ಕಡೆಗೆ, ಒಂದೇ ಅಳತೆಗೆ ಸರಿದಿದ್ದರೆ ಅಚ್ಚಿಗೆ ಎರಕ ಹೊಯ್ದದ್ದೆಂದೇ ತಿಳಿಯಬೇಕು. ಎರಕದ್ದಾದರೆ ಮೈಮೇಲೆ ಸಣ್ಣ ಗುಳಿಗಳು, ಅಂಚಿನಲ್ಲಿ ಜೋಡಣೆಯ ಗೆರೆ ಕಾಣುವುದುಂಟು.

ಲೋಹ ಕಡಿಮೆಯೆಂದ ಮಾತ್ರಕ್ಕೆ ನಾಣ್ಯ ನಕಲಿಯಾಗುವುದಿಲ್ಲ. ಯುದ್ಧದ ನೆರಳು ಅಜ್ಜಿಯ ಟ್ರಂಕಿನ ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಯ ಮೇಲೂ ಬಿದ್ದಿದೆ. 11.66 ಗ್ರಾಂ ತೂಕದ ಆ ರೂಪಾಯಿಯಲ್ಲಿ ಮೊದಲು ಶೇ 91.7 ಬೆಳ್ಳಿ ಇರುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಬೆಳ್ಳಿಗೆ ಅಭಾವವಾಗಿ 1940ರಲ್ಲಿ ಅದನ್ನು ಅರ್ಧಕ್ಕೆ ಇಳಿಸಿದರು. 1947ರ ರೂಪಾಯಿಯಂತೂ ಬರೀ ನಿಕ್ಕಲ್. ಕೆಲವರು ಯುದ್ಧಕಾಲದ ಅಸಲಿ ರೂಪಾಯಿಯನ್ನೇ ಬೆಳ್ಳಿ ಕಡಿಮೆಯೆಂದು ನಕಲಿ ಎಂದುಬಿಡುತ್ತಾರೆ.

ಇಷ್ಟೆಲ್ಲ ಗೊತ್ತಿದ್ದೂ ಚೀಲದ ವ್ಯಾಪಾರ ನಡೆಯುತ್ತಲೇ ಇರುವುದಕ್ಕೆ ಕಾರಣ ಕಾಯ್ದೆಯೊಳಗೇ ಇದೆ. ಪಾಯದಲ್ಲಿ ಸಿಕ್ಕದ್ದನ್ನು ಗುಟ್ಟಾಗಿ ಮಾರುವಂತಿಲ್ಲ. ಹಿತ್ತಾಳೆ ಹಿಡಿದು ಠಾಣೆ ಮೆಟ್ಟಿಲು ಹತ್ತಿದವನು, ನಿಧಿ ಎಂದು ಗೊತ್ತಿದ್ದೂ ಕೊಳ್ಳಲು ಯಾಕೆ ಬಂದೆ ಎಂಬ ಪ್ರಶ್ನೆಗೆ ಮೊದಲು ಉತ್ತರ ಕೊಡಬೇಕಾಗುತ್ತದೆ.