ಮೂಳೆಯ ಮ್ಯಾಟ್ರಿಕ್ಸ್ ಜೀವಕೋಶಗಳನ್ನು ನಡೆಸುವ ಬಗೆ

ಮೂಳೆಯ ಪಾಠವನ್ನು ನಾವೆಲ್ಲ ಜೀವಕೋಶಗಳಿಂದಲೇ ಆರಂಭಿಸುತ್ತೇವೆ. ಆಸ್ಟಿಯೋಬ್ಲಾಸ್ಟ್ ಕಟ್ಟುತ್ತದೆ, ಆಸ್ಟಿಯೋಕ್ಲಾಸ್ಟ್ ಕರಗಿಸುತ್ತದೆ, ಆಸ್ಟಿಯೋಸೈಟ್ ಒಳಗೆ ಹುದುಗಿರುತ್ತದೆ. ಇಷ್ಟಕ್ಕೇ ನಿಂತರೆ ಮ್ಯಾಟ್ರಿಕ್ಸ್, ಅಂದರೆ ಜೀವಕೋಶಗಳ ಸುತ್ತಲಿನ ಪ್ರೋಟೀನು ಮತ್ತು ಖನಿಜದ ಹಾಸು, ಅವು ಕಟ್ಟಿ ಬಿಟ್ಟುಹೋದ ಬರಿಯ ಗೋಡೆ ಎಂಬ ತಪ್ಪು ಕಲ್ಪನೆ ಉಳಿದುಬಿಡುತ್ತದೆ. ಎಲ್ಲಿ ಅಂಟಿಕೊಳ್ಳಬೇಕು, ಯಾವಾಗ ಬಲಿಯಬೇಕು ಎಂಬ ಸೂಚನೆಗಳು ಜೀವಕೋಶಗಳಿಗೆ ಸಿಗುವುದು ಬಹುಮಟ್ಟಿಗೆ ಆ ಗೋಡೆಯಿಂದಲೇ.

ರಸೆಲ್ ಮಾರುಕಟ್ಟೆಯಿಂದ ತಂದ ಕೋಳಿಯ ಕಾಲಿನ ಮೂಳೆಯೊಂದನ್ನು ತೊಳೆದು ವಿನೆಗರಿನಲ್ಲಿ ಒಂದು ವಾರ ನೆನೆಸಿಟ್ಟು, ನಡುವೆ ಎರಡು ಸಲ ವಿನೆಗರ್ ಬದಲಿಸಿದೆ. ಹೊರತೆಗೆದಾಗ ಮೂಳೆಯ ಆಕಾರ ಇದ್ದ ಹಾಗೆಯೇ ಇತ್ತು, ಆದರೆ ಬೆರಳುಗಳ ನಡುವೆ ರಬ್ಬರಿನಂತೆ ಬಾಗಿತು. ಕ್ಯಾಲ್ಸಿಯಂ ಖನಿಜ ಕರಗಿಹೋಗಿ ಉಳಿದದ್ದು ಪ್ರೋಟೀನಿನ ಹಂದರ. ಅದರಲ್ಲಿ ಸುಮಾರು 90 ಪ್ರತಿಶತ ಒಂದನೇ ಬಗೆಯ ಕೊಲ್ಯಾಜನ್. ಮಿಲಿಟರಿ ಹೋಟೆಲಿನ ಕಾಲು ಸೂಪು ಆರಿದ ಮೇಲೆ ಹೆಪ್ಪುಗಟ್ಟುವುದೂ ಬೇಯುವಾಗ ಬಿಡಿಸಿಕೊಂಡ ಕೊಲ್ಯಾಜನ್‌ನಿಂದಲೇ. ಈ ಪ್ರೋಟೀನು ಮೂರೆಳೆಯ ಹುರಿ ಎಂಬ ಮಾದರಿಯನ್ನು 1954ರಲ್ಲಿ ಮದರಾಸಿನಲ್ಲಿ ಮುಂದಿಟ್ಟವರು ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ರಾಮಚಂದ್ರನ್ ಅವರು ಮುಂದೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣುಜೀವಭೌತಶಾಸ್ತ್ರದ ವಿಭಾಗವನ್ನು ಕಟ್ಟಿದರು.

ಕೊಲ್ಯಾಜನ್ ಬರಿಯ ಹಂದರವಲ್ಲ ಎಂಬುದಕ್ಕೆ ನನಗೆ ಅತ್ಯಂತ ಮನಮುಟ್ಟುವ ಸಾಕ್ಷ್ಯ ವಿಟಮಿನ್ ಸಿ ಪ್ರಯೋಗ. ಮೂರೆಳೆಯ ಹುರಿ ಗಟ್ಟಿಯಾಗಿ ನಿಲ್ಲಲು ಅದರಲ್ಲಿರುವ ಪ್ರೋಲಿನ್ ಎಂಬ ಅಮೈನೋ ಆಮ್ಲಕ್ಕೆ ಹೈಡ್ರಾಕ್ಸಿಲ್ ಗುಂಪು ಸೇರಬೇಕು, ಅದನ್ನು ಸೇರಿಸುವ ಕಿಣ್ವಕ್ಕೆ ವಿಟಮಿನ್ ಸಿ ಬೇಕು. ತಟ್ಟೆಯಲ್ಲಿ ಬೆಳೆಸಿದ ಎಳೆಯ ಆಸ್ಟಿಯೋಬ್ಲಾಸ್ಟ್‌ಗಳಿಗೆ ವಿಟಮಿನ್ ಸಿ ಕೊಡದಿದ್ದರೆ ಅವು ಕೊಲ್ಯಾಜನ್ ಹಂದರವನ್ನು ಹಾಸಲಾರವು. ಹಾಸದಿದ್ದರೆ ಸರಿಯಾಗಿ ಬಲಿಯುವುದೂ ಇಲ್ಲ, ಖನಿಜವನ್ನೂ ಕೂಡಿಸುವುದಿಲ್ಲ. ತಾವೇ ಹಾಸಿದ ಕೊಲ್ಯಾಜನ್ ಅನ್ನು ಇಂಟೆಗ್ರಿನ್ ಎಂಬ ಪೊರೆಯ ಪ್ರೋಟೀನುಗಳ ಮೂಲಕ ಮುಟ್ಟಿದಾಗ ಜೀವಕೋಶದೊಳಗೆ ರನ್ಕ್ಸ್2 ಎಂಬ, ಜೀನುಗಳನ್ನು ನಿಯಂತ್ರಿಸುವ ಪ್ರೋಟೀನು ಚುರುಕುಗೊಳ್ಳುತ್ತದೆ, ಮುಂದಿನ ಹಂತದ ಜೀನುಗಳು ತೆರೆದುಕೊಳ್ಳುತ್ತವೆ. ಅಂದರೆ ಕಟ್ಟಿದ್ದೇ ಕಟ್ಟುವವನನ್ನು ಬಲಿಸುತ್ತದೆ.

ಪ್ರೋಟೀನಿನ ಹಂದರದಲ್ಲಿ ಕೊಲ್ಯಾಜನ್ ಬಿಟ್ಟು ಉಳಿದ 10 ಪ್ರತಿಶತದಲ್ಲಿ ಆಸ್ಟಿಯೋಪಾಂಟಿನ್ ಎಂಬ ಪ್ರೋಟೀನು ಮುಖ್ಯವಾದದ್ದು. ಅದರಲ್ಲಿ ಅರ್ಜಿನಿನ್, ಗ್ಲೈಸಿನ್, ಆಸ್ಪಾರ್ಟಿಕ್ ಆಮ್ಲ ಎಂಬ ಮೂರು ಅಮೈನೋ ಆಮ್ಲಗಳ ಸಾಲಿದೆ. ಆಸ್ಟಿಯೋಕ್ಲಾಸ್ಟ್ ತನ್ನ ಇಂಟೆಗ್ರಿನ್‌ನಿಂದ ಆ ಸಾಲನ್ನು ಹಿಡಿದು ಮೂಳೆಗೆ ಅಂಟಿಕೊಳ್ಳುತ್ತದೆ, ಅಂಚನ್ನು ಸುತ್ತಲೂ ಬಿಗಿದು ಮುಚ್ಚುತ್ತದೆ, ಆ ಮುಚ್ಚಿದ ಜಾಗಕ್ಕೆ ಆಮ್ಲವನ್ನೂ ಕೆಥೆಪ್ಸಿನ್ ಕೆ ಎಂಬ ಕಿಣ್ವವನ್ನೂ ಸುರಿಯುತ್ತದೆ. ಇಲ್ಲಿಯೇ ಪಾಠದ ತಿರುಳಿದೆ. ಮ್ಯಾಟ್ರಿಕ್ಸಿನೊಳಗೆ ಟಿಜಿಎಫ್-ಬೀಟಾ ಎಂಬ ಬೆಳವಣಿಗೆಯ ಅಂಶ ನಿಷ್ಕ್ರಿಯ ರೂಪದಲ್ಲಿ ಅಡಗಿರುತ್ತದೆ. ಮೂಳೆ ಕರಗಿದಾಗ ಅದು ಬಿಡುಗಡೆಯಾಗಿ ಸಕ್ರಿಯಗೊಂಡು, ಆಸ್ಟಿಯೋಬ್ಲಾಸ್ಟ್ ಆಗಬಲ್ಲ ಮೂಲಕೋಶಗಳನ್ನು ಅದೇ ಗುಂಡಿಗೆ ಕರೆತರುತ್ತದೆ. ಕೆಡವುವ ಕೆಲಸ ಕೆಲವೇ ವಾರಗಳದ್ದು, ಮರಳಿ ತುಂಬಲು ಮೂರು ನಾಲ್ಕು ತಿಂಗಳು ಬೇಕು. ಆದ್ದರಿಂದಲೇ ಕೆಡವುವ ವೇಗ ಹೆಚ್ಚಿದಾಗ ಮೂಳೆ ಸವೆಯುತ್ತದೆ.

ಮ್ಯಾಟ್ರಿಕ್ಸಿನ ಇನ್ನೊಂದು ಪ್ರೋಟೀನಾದ ಆಸ್ಟಿಯೋಕ್ಯಾಲ್ಸಿನ್ ವಿಷಯದಲ್ಲಿ ಎಚ್ಚರ ಬೇಕು. ಖನಿಜವನ್ನು ಹಿಡಿಯುವ ಈ ಪ್ರೋಟೀನು ಇಲ್ಲದಿದ್ದರೆ ಮೂಳೆ ಕುಗ್ಗಬೇಕೆಂದು ಯಾರಾದರೂ ಊಹಿಸಿಯಾರು. ಆದರೆ 1996ರಲ್ಲಿ ವರದಿಯಾದ, ಆ ಜೀನನ್ನು ತೆಗೆದ ಇಲಿಗಳಲ್ಲಿ ಮೂಳೆ ಹೆಚ್ಚಾಗಿ ಕಂಡಿತು. 2020ರಲ್ಲಿ ಬೇರೆ ಇಲಿಗಳ ಮೇಲೆ ನಡೆಸಿದ ಅಧ್ಯಯನಗಳಲ್ಲಿ ಅಂಥ ಹೆಚ್ಚಳ ಕಾಣಲಿಲ್ಲ, ಅವುಗಳಲ್ಲಿ ಒಂದರಲ್ಲಿ ಖನಿಜ ಹರಳುಗಳು ಕೊಲ್ಯಾಜನ್ ಎಳೆಗಳ ದಿಕ್ಕಿಗೆ ಸರಿಯಾಗಿ ಸಾಲುಗೂಡದಿರುವುದು ಕಂಡುಬಂತು. ಪರೀಕ್ಷೆಯಲ್ಲಿ ಇದರ ಕೆಲಸವನ್ನು ಒಂದೇ ಸಾಲಿನಲ್ಲಿ ಬರೆದು ಮುಗಿಸಬಾರದು.

ಪ್ರಯೋಗಾಲಯಗಳ ರಕ್ತಪರೀಕ್ಷೆಯ ಪಟ್ಟಿಯಲ್ಲಿ ಸಿಟಿಎಕ್ಸ್ ಎಂದು ಕಾಣುವುದು ಇದೇ ಕೊಲ್ಯಾಜನ್‌ನ ತುದಿಯ ತುಣುಕು, ಆಸ್ಟಿಯೋಕ್ಲಾಸ್ಟ್ ಕತ್ತರಿಸಿದಾಗ ರಕ್ತಕ್ಕೆ ಬಂದದ್ದು. ಊಟವಾದ ಮೇಲೆ ಇದರ ಮಟ್ಟ ಇಳಿಯುವುದರಿಂದ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೇ ರಕ್ತ ತೆಗೆಯುತ್ತಾರೆ.