ಪದರಕ್ಕೆ ಪದರ ಅಂಟಿದ ಮೇಲೆ ಬಿಡಿಸುವುದು ಹೇಗೆ?

ಕಾಗದ ಒಳ್ಳೆಯದಾ, ಗಾಜಾ, ಮಣ್ಣಲ್ಲಿ ಕರಗುವ ಪ್ಲಾಸ್ಟಿಕ್ಕಾ? ತಿಂಡಿ, ಪಾನೀಯದ ಪ್ಯಾಕಿಂಗ್ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಪ್ಯಾಕೆಟ್ಟಿನ ಮೊದಲ ಕೆಲಸ ಒಳಗಿರುವುದನ್ನು ಕೆಡದಂತೆ ಕಾಯುವುದು. ಗೋಜಲು ಶುರುವಾಗಿದ್ದೂ ಆ ಕೆಲಸವನ್ನು ತುಂಬಾ ಚೆನ್ನಾಗಿ ಮಾಡಲು ಹೊರಟಾಗಲೇ.

1810ರಲ್ಲಿ ಫ್ರಾನ್ಸಿನ ನಿಕೋಲಾ ಅಪೇರ್ ಗಾಜಿನ ಬಾಟಲಿಯಲ್ಲಿ ಆಹಾರ ಕಾಪಿಡುವ ವಿಧಾನವನ್ನು ಪ್ರಕಟಿಸಿದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ತವರದ ಡಬ್ಬಿಗೆ ಪೇಟೆಂಟ್ ಸಿಕ್ಕಿತು. ಆಮೇಲೆ ಹಾಲಿಗೆ ಕಾಗದದ ಪೊಟ್ಟಣ ಬಂತು, 1973ರಲ್ಲಿ ಪೆಟ್ ಬಾಟಲಿಗೆ, ಅಂದರೆ ಈಗ ನೀರು, ತಂಪು ಪಾನೀಯ ತುಂಬುವ ಪ್ಲಾಸ್ಟಿಕ್ ಬಾಟಲಿಗೆ, ಪೇಟೆಂಟ್ ಆಯಿತು.

ಆದರೆ ಕೈ ಕಟ್ಟಿಹಾಕಿದ್ದು ಪದರಗಳ ಪೊಟ್ಟಣ. ಕುರುಕಲು ತಿಂಡಿಯ ಒಂದು ಪ್ಯಾಕೆಟ್ ನೋಡಿ. ಹೊರಗೆ ಅಚ್ಚು ಚೆನ್ನಾಗಿ ಕೂರಲು ಪಾಲಿಯೆಸ್ಟರ್, ನಡುವೆ ಗಾಳಿ, ಬೆಳಕು ತಡೆಯಲು ಅಲ್ಯೂಮಿನಿಯಂ, ಒಳಗೆ ಬಿಸಿ ಕೊಟ್ಟು ಬಾಯಿ ಮುಚ್ಚಲು ಪಾಲಿಎಥಿಲೀನ್. ಎಲ್ಲ ಸೇರಿದರೂ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಪಾಲಿನ ಆಸುಪಾಸು. ಹಗುರ, ಗಟ್ಟಿ, ಸಾಗಿಸಲು ಸಲೀಸು. ನಿಜಕ್ಕೂ ಜಾಣತನದ ಕೆಲಸ ಅದು. ಮರುಬಳಕೆಗೆಂದು ಪದರ ಬಿಡಿಸುವ ವಿಷಯಕ್ಕೆ ಬಂದಾಗ ಮಾತ್ರ ಎಲ್ಲವೂ ನಿಂತುಹೋಗುತ್ತದೆ. ಪಾಲಿಎಥಿಲೀನ್ 110ರಿಂದ 130 ಡಿಗ್ರಿಯಲ್ಲಿ ಕರಗುತ್ತದೆ, ಪಾಲಿಯೆಸ್ಟರ್‌ಗೆ ಸುಮಾರು 250 ಡಿಗ್ರಿ ಬೇಕು. ಒಟ್ಟಿಗೆ ಕರಗಿಸಿದರೂ ಎರಡೂ ಬೆರೆಯುವುದಿಲ್ಲ, ಬರುವ ಪ್ಲಾಸ್ಟಿಕ್‌ಗೆ ಬಲ ಇರುವುದಿಲ್ಲ. ಹಾಗಾಗಿ ಇಂಥ ಪ್ಯಾಕೆಟ್ ಸುಡುವ ಕುಲುಮೆಗೋ ತಿಪ್ಪೆಗೋ ಹೋಗುತ್ತದೆ.

ಇದರ ನಡುವೆ ಗುರುತುಗಳೂ ದಾರಿ ತಪ್ಪಿಸಿದವು. ಬಾಣಗಳ ತ್ರಿಕೋನದೊಳಗೆ 1ರಿಂದ 7ರವರೆಗಿನ ಅಂಕಿಗಳು ಬಂದಿದ್ದು 1988ರಲ್ಲಿ. ಅವು ಯಾವ ಬಗೆಯ ಪ್ಲಾಸ್ಟಿಕ್ ಎಂದಷ್ಟೇ ಹೇಳುತ್ತವೆ. ಜನ ಅದನ್ನು ಮರುಬಳಕೆಯ ಭರವಸೆ ಎಂದು ಓದಿಕೊಂಡರು. ಓದದೆ ಇನ್ನೇನು ಮಾಡಬೇಕಿತ್ತು, ಬಾಣಗಳೇ ಹಾಗಿವೆ ಅಲ್ವಾ? ಮಣ್ಣಲ್ಲಿ ಕರಗುತ್ತದೆ ಎಂದು ಮಾರುವ ಪಿಎಲ್‌ಎ ಎಂಬ ಪ್ಲಾಸ್ಟಿಕ್ಕಿನದೂ ಇದೇ ಕಥೆ. ಅದು ಗೊಬ್ಬರವಾಗುವುದು 60 ಡಿಗ್ರಿ ಹತ್ತಿರದ ಶಾಖ ಇರುವ ಗೊಬ್ಬರ ಘಟಕದಲ್ಲಿ. ಸುಮ್ನೆ ಹಿತ್ತಲಿನ ಗುಂಡಿಗೆ ಹಾಕಿದರೆ ವರ್ಷಗಟ್ಟಲೆ ಹಾಗೇ ಬಿದ್ದಿರುತ್ತದೆ. ಗಾಜು ಭಾರ. ಅದನ್ನು ವಾಪಸ್ ತಂದು ಮತ್ತೆ ಮತ್ತೆ ತುಂಬಿದರೆ ಮಾತ್ರ ಪರಿಸರದ ಲೆಕ್ಕ ಸರಿಹೋಗುತ್ತದೆ.

ತಿಂದವರು ಕಸವನ್ನು ಎಷ್ಟೇ ಚೆನ್ನಾಗಿ ಬೇರೆ ಮಾಡಿದರೂ ಅಂಟಿದ ಪದರ ಬಿಡುವುದಿಲ್ಲ. ವಿನ್ಯಾಸ ಮಾಡುವ ಮೇಜಿನ ಮೇಲೆಯೇ ಇದು ತೀರ್ಮಾನ ಆಗಿರುತ್ತದೆ. ಈಗ ಅಲ್ಲಿ ಸ್ವಲ್ಪ ಬದಲಾವಣೆ ಕಾಣುತ್ತಿದೆ. ಒಂದೇ ಬಗೆಯ ಪ್ಲಾಸ್ಟಿಕ್ಕಿನ ಪೊಟ್ಟಣ, ತೊಳೆದರೆ ಬಿಡುವ ಲೇಬಲ್ ಅಂಟು, ಬಣ್ಣವಿಲ್ಲದ ಬಾಟಲಿ ಬರುತ್ತಿವೆ. ಮಸಿ ಬೆರೆಸಿದ ಕಪ್ಪು ಪ್ಲಾಸ್ಟಿಕ್ ಕಸ ಬೇರ್ಪಡಿಸುವ ಯಂತ್ರದ ಕಣ್ಣಿಗೇ ಬೀಳುವುದಿಲ್ಲ ಎಂದು ಕೆಲವರು ಅದನ್ನು ಬಿಟ್ಟಿದ್ದಾರೆ. 2024ರ ಜುಲೈನಿಂದ ಯುರೋಪಿಯನ್ ಒಕ್ಕೂಟದಲ್ಲಿ ಮೂರು ಲೀಟರ್‌ವರೆಗಿನ ಪ್ಲಾಸ್ಟಿಕ್ ಪಾನೀಯ ಬಾಟಲಿಯ ಮುಚ್ಚಳ ತೆರೆದ ಮೇಲೂ ಬಾಟಲಿಗೇ ಅಂಟಿಕೊಂಡಿರಬೇಕು.

ಒಂದೇ ಬಗೆಯ ಪ್ಲಾಸ್ಟಿಕ್ ಅಲ್ಯೂಮಿನಿಯಂನಷ್ಟು ಗಾಳಿ ತಡೆಯುವುದಿಲ್ಲ ಎನ್ನುವುದು ನಿಜ. ತಿಂಡಿ ಕೆಟ್ಟು ತಿಪ್ಪೆ ಸೇರಿದರೆ ಅದಕ್ಕೆ ಹಾಕಿದ ನೀರು, ಶ್ರಮ ಎಲ್ಲವೂ ಹಾಳು. ಆದರೆ ಎಲ್ಲ ತಿಂಡಿಯೂ ತಿಂಗಳುಗಟ್ಟಲೆ ಅಂಗಡಿಯಲ್ಲಿ ಕೂರಬೇಕಾ? ಬೇಗ ಮಾರಿ ಬೇಗ ತಿನ್ನುವಂಥದ್ದಕ್ಕೆ ಗಾಳಿ ತಡೆಯುವ ಪದರ ತೆಳ್ಳಗಿದ್ದರೂ ನಡೆಯುತ್ತದೆ.